ಸೂಟ್‌ಕೇಸನ್ನೂ ಕೊಟ್ಟವರು

ಇವತ್ತು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಕಸದ ತೊಟ್ಟಿಯ ಪಕ್ಕದಲ್ಲಿ ಒಂದು ದೊಡ್ಡ ನೀಲಿ ಸೂಟ್‌ಕೇಸು ನಿಂತಿತ್ತು. ಹಿಡಿಕೆಗೆ ‘ಫ್ರೀ’ ಎಂದು ಬರೆದ ಕಾಗದ ಸಿಕ್ಕಿಸಿದ್ದರು. ಕಸ ಎಸೆದು ಆಫೀಸಿಗೆ ಹೊರಡಬೇಕಾದ ನಾನು, ಸುತ್ತ ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಬಗ್ಗಿ ಅದರ ಜಿಪ್ಪೆಳೆದು ಒಳಗೆ ಮೂಗು ತೂರಿಸಿದೆ. ಮೊದಲು ನುಸಿಗುಳಿಗೆ, ಅದರ ಹಿಂದಿನಿಂದ ಮೆಲ್ಲಗೆ ಇಂಗು ಮತ್ತು ಸಾರಿನಪುಡಿ. ಸರಿ, ನಮ್ಮವರದ್ದೇ. ಜಿಪ್ಪು ಮುಚ್ಚದೆ ಅಲ್ಲೇ ಕುಕ್ಕುರುಗಾಲಲ್ಲಿ ಕೂತೆ.

ನೀವು ನಗಬಹುದು. ಯಾರೋ ಹಳೇ ಸೂಟ್‌ಕೇಸು ಬಿಸಾಕಿದರೆ ಇವಳಿಗೇನಾಯಿತು ಎಂದು. ವಾದವೇ ಮಾಡುವುದಾದರೆ ನಿಮ್ಮ ಪಕ್ಷ ಹಿಡಿದೂ ನಾನು ಮಾತಾಡಬಲ್ಲೆ; ಹಾಸನದ ಕಾಲೇಜಿನಲ್ಲಿದ್ದಾಗ ಒಂದೇ ವಿಷಯದ ಮೇಲೆ ಬೆಳಿಗ್ಗೆ ಪರ, ಮಧ್ಯಾಹ್ನ ವಿರೋಧ ಮಾತಾಡಿ ಪರ್ಯಾಯ ಪಾರಿತೋಷಕ ಹೊತ್ತು ತಂದವಳು ನಾನು. ಆದರೆ ಡಾಟ್‌ಕಾಮ್ ಗುಳ್ಳೆ ಒಡೆದು ಇಂಟರ್ನೆಟ್ ಕಂಪನಿಗಳು ಸಾಲಾಗಿ ಮುಚ್ಚಿದ ಹೊತ್ತಿನಲ್ಲಿ ನೀವು ಅಮೆರಿಕಾದ ಈ ಸೀಮೆಯಲ್ಲಿದ್ದಿದ್ದರೆ, ಅದರಲ್ಲೂ ಸ್ಯಾನ್ ರಮೋನಿನ ನಮ್ಮ ಅಕ್ಕನ ಮನೆಯ ಗ್ಯಾರೇಜನ್ನು ನೋಡಿದ್ದಿದ್ದರೆ, ಬಹುಶಃ ನೀವೂ ಬಗ್ಗುತ್ತಿದ್ದಿರಿ.

ಆಗ ನಾನು ಸೋಶಿಯಲ್ ವರ್ಕ್ ಓದುತ್ತಿದ್ದೆ. ಈ ಮಾತನ್ನು ಅಂದಿನ ಕನ್ನಡಿಗರ ಕೂಟದಲ್ಲಿ ಹೇಳಿದರೆ, ಮನೆಯಲ್ಲಿ ಸೂತಕ ಎಂದವರನ್ನು ನೋಡುವಂತೆ ನೋಡುತ್ತಿದ್ದರು. “ಅಮೆರಿಕಾಕ್ಕೆ ಬಂದು ಸಮಾಜಸೇವೆನಾ? ಜಾವಾ ಕಲಿಯೋಕೆ ಆಗಲಿಲ್ವಾ ಪಾಪ?” ಎಂದು ಒಬ್ಬರು ಆಂಟಿ ನನ್ನ ತಲೆ ಸವರಿದ್ದರು. ಆಂಟಿಯ ಯಜಮಾನರ ಕಂಪನಿ ಮುಂದಿನ ಯುಗಾದಿಯ ಹೊತ್ತಿಗೆ ಇರಲಿಲ್ಲ. ಅದು ಮಾರುತ್ತಿದ್ದದ್ದಾದರೂ ಏನು ಎಂದು ಕೊನೆಯವರೆಗೂ ಅವರಿಗೆ ಹೇಳಲಾಗಲಿಲ್ಲ. ಆದರೆ ತಲೆ ಸವರಿಸಿಕೊಂಡವಳು ಮಾತ್ರ ನಾನು.

ನಾನು ಇದ್ದದ್ದು ಅಕ್ಕನ ಮನೆಯಲ್ಲಿ. ಅಕ್ಕ ಅಂದರೆ ದೊಡ್ಡಮ್ಮನ ಮಗಳು. ಭಾವ ಮಂಡ್ಯದವರು, ದೊಡ್ಡ ಕಂಠ, ದೊಡ್ಡ ಮನಸ್ಸು, ಮತ್ತು ಎಲ್ಲ ರೋಗಕ್ಕೂ ಒಂದೇ ಔಷಧಿ: ಪಾಸಿಟಿವ್ ಆಗಿ ಯೋಚಿಸುವುದು. ಅವರ ಷೇರುಗಳು ಬೆಲೆ ಕಳೆದುಕೊಂಡು ಗೋಡೆಗೆ ಅಂಟಿಸುವ ಕಾಗದವಾದ ದಿನವೂ “ಇದೆಲ್ಲ ಟೆಂಪರರಿ” ಎಂದು ಎರಡು ಸಲ ಪಲ್ಯ ಹಾಕಿಸಿಕೊಂಡರು. ಆ ಮನೆಯಲ್ಲಿ ಕೆಲವು ಪದಗಳಿಗೆ ಪ್ರವೇಶವಿರಲಿಲ್ಲ. ಯಾರಿಗೂ ಕೆಲಸ ಹೋಗುತ್ತಿರಲಿಲ್ಲ, ‘ಪ್ರಾಜೆಕ್ಟು ಮುಗಿಯುತ್ತಿತ್ತು’. ಕ್ಯಾನ್ಸರು ‘ಆ ಕಾಯಿಲೆ’. ಇನ್ನು ಸಾವಿನ ಮಾತಂತೂ, ಬಾಯಿತಪ್ಪಿ ಅರ್ಧ ಬಂದರೂ ಸಾಕು, ಅಕ್ಕ ಸೌಟು ಹಿಡಿದೇ ಅಡಿಗೆಮನೆಯಿಂದ ಧಾವಿಸುತ್ತಿದ್ದಳು: “ಬಿಡ್ತು ಅನ್ನು. ಮೊದಲು ಬಿಡ್ತು ಅನ್ನು.” ಅಂದವರು ‘ಬಿಡ್ತು’ ಎನ್ನಬೇಕು. ಎಂದ ಕೂಡಲೇ ಆ ಮಾತು ಆಡಿಯೇ ಇಲ್ಲ ಎಂದಾಗುತ್ತಿತ್ತು, ಎಲ್ಲರೂ ಮತ್ತೆ ಸಾರನ್ನಕ್ಕೆ ಮರಳುತ್ತಿದ್ದರು. ಇಷ್ಟು ಅಗ್ಗದ, ಇಷ್ಟು ವೇಗದ ಚಿಕಿತ್ಸೆಯನ್ನು ನಾನು ಓದಿದ ಯಾವ ಪಠ್ಯದಲ್ಲೂ ಕಾಣಲಿಲ್ಲ. ರೋಗಿ ಉಳಿದನೋ ಇಲ್ಲವೋ ಎಂದು ನೋಡುವ ರಗಳೆಯೂ ಇರಲಿಲ್ಲ.

ಗ್ಯಾರೇಜಿನ ವಿಷಯಕ್ಕೆ ಬರುತ್ತೇನೆ. ಕೆಲಸ ಹೋದರೆ ವೀಸಾವೂ ಹೋಯಿತು, ಹಾಗಾಗಿ ಆ ವರ್ಷ ವಾರಕ್ಕೊಂದು ಸಂಸಾರ ಊರಿಗೆ ಹೊರಡುತ್ತಿತ್ತು. ಹೊರಡುವವರು ಇಲ್ಲಿಯ ಕರೆಂಟಿಗೆ ಮಾತ್ರ ಓಡುವ ಸಾಮಾನುಗಳನ್ನೆಲ್ಲ ಉಳಿದವರ ಮನೆಗೆ ತಂದು ಸುರಿಯುತ್ತಿದ್ದರು. ಅಕ್ಕನ ಗ್ಯಾರೇಜು ರೈಸ್ ಕುಕ್ಕರುಗಳ ಅನಾಥಾಲಯವಾಗಿತ್ತು. ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಟೀವಿ, ಮಗುವಿನ ಕಾರ್ ಸೀಟು, ಒಂದು ಹುಲ್ಲು ಕತ್ತರಿಸುವ ಯಂತ್ರ. ಕಾರು ಬೀದಿಯಲ್ಲಿ ನಿಲ್ಲುತ್ತಿತ್ತು, ಕುಕ್ಕರುಗಳು ನೆರಳಲ್ಲಿ.

ನಾನು ತರಬೇತಿಗೆ ಹೋಗುತ್ತಿದ್ದದ್ದು ಸ್ಯಾನ್ ಹೊಸೆಯ ಒಂದು ಸಣ್ಣ ಆಪ್ತಸಲಹಾ ಕೇಂದ್ರಕ್ಕೆ. ನನ್ನ ಮೇಲ್ವಿಚಾರಕಿ ಡೊಲೊರೆಸ್, ಗಿಲ್‌ರಾಯ್‌ನಿಂದ ದಿನಾ ಅಷ್ಟು ದೂರ ಕಾರೋಡಿಸಿಕೊಂಡು ಬರುತ್ತಿದ್ದ, ಮೊಣಕಾಲು ನೋವಿನ, ಕಡಿಮೆ ಮಾತಿನ ಹೆಂಗಸು. ಖಿನ್ನತೆಯಿಂದ ಬಳಲಿ ಬಂದವರಲ್ಲಿ ಆತ್ಮಹತ್ಯೆಯ ಅಪಾಯವನ್ನು ಗುರುತಿಸುವುದು ಹೇಗೆ ಎಂದು ಆಕೆ ನಮಗೆ ಹೇಳಿಕೊಟ್ಟ ದಿನ ನಾನು ಎಂದಿನಂತೆ ಎದ್ದುನಿಂತೆ. ಲಕ್ಷಣಗಳಲ್ಲಿ ಒಂದು, ತಮಗೆ ಬೇಕಾದ ವಸ್ತುಗಳನ್ನು ಹಂಚಿಬಿಡುವುದು. ಇನ್ನೊಂದು, ಬಹುಕಾಲ ಕುಗ್ಗಿದ್ದವರು ಇದ್ದಕ್ಕಿದ್ದಂತೆ ಹಗುರಾಗಿ, ನಗುನಗುತ್ತಾ ಓಡಾಡುವುದು.

“ಹಾಗಾದರೆ ನಮ್ಮ ಜನರಲ್ಲಿ ಅರ್ಧ ಮಂದಿಯನ್ನು ಆಸ್ಪತ್ರೆಗೆ ಸೇರಿಸಬೇಕಾಗುತ್ತದೆ,” ಎಂದೆ. “ಎಲ್ಲರೂ ಎಲ್ಲವನ್ನೂ ಕೊಟ್ಟೇ ಹೋಗುತ್ತಿದ್ದಾರೆ. ಟಿಕೆಟ್ಟು ಕೈಗೆ ಬಂದಮೇಲೆ ಎಲ್ಲರೂ ಹಗುರಾಗುತ್ತಾರೆ. ಎಲ್ಲರಿಗೂ ಹೊಂದುವುದು ಯಾರ ಲಕ್ಷಣವೂ ಅಲ್ಲ.”

ತರಗತಿ ನಕ್ಕಿತು. ಡೊಲೊರೆಸ್ ನಗಲಿಲ್ಲ. “ಅರ್ಧ ಮಂದಿಯನ್ನೂ ಕೇಳು,” ಎಂದಳು. “ಕೇಳಿದರೆ ನಿನ್ನ ಗಂಟೇನು ಹೋಗುತ್ತದೆ?” ಕೇಳುವುದಾದರೆ ಸುತ್ತಿ ಬಳಸಿ ಬೇಡ, ಸಾವು ಎಂಬ ಪದವನ್ನೇ ಹಾಕಿ ಕೇಳಬೇಕು ಎಂದೂ ಸೇರಿಸಿದಳು. ಕೇಳಿದ್ದರಿಂದ ಯಾರ ತಲೆಗೂ ಹೊಸದಾಗಿ ಆ ಯೋಚನೆ ಬರುವುದಿಲ್ಲ. ಇದ್ದವರಿಗೆ, ಅದನ್ನು ಒಬ್ಬರೇ ಹೊತ್ತುಕೊಂಡಿರುವುದು ತಪ್ಪುತ್ತದೆ, ಅಷ್ಟೇ.

ಸಂತೋಷ. ಆದರೆ ಕನ್ನಡದಲ್ಲಿ ಏನಾಯಿತು ಎಂದರೆ, ಬಂದವರಿಗೆಲ್ಲ ಕೇಳುವ ಈ ಪ್ರಶ್ನೆಗಳನ್ನು ಕೇಂದ್ರದವರು ಭಾರತೀಯ ಭಾಷೆಗಳಿಗೆ ತರಲು ನಮ್ಮ ಸಮುದಾಯದ ಹಿರಿಯರ ಒಂದು ಸಮಿತಿ ಮಾಡಿದರು. ಹಿರಿಯರು ಸಮೋಸ ತಿಂದು, ನನ್ನ ಅನುವಾದವನ್ನು ಓದಿ, ಬಿಸಿ ಹಂಚು ಮುಟ್ಟಿದವರಂತೆ ಕೈ ಹಿಂತೆಗೆದುಕೊಂಡರು. “ಇಷ್ಟು ಕಟುವಾಗಿ ಕೇಳಿದರೆ ನಮ್ಮವರು ಎದ್ದು ಹೋಗ್ತಾರಮ್ಮ.” ನಾನು ವಾದಿಸಿದೆ. ಮತಕ್ಕೆ ಹಾಕಿದರು. ಕೊನೆಗೆ ಉಳಿದದ್ದು: ‘ನಿಮ್ಮನ್ನು ನೀವೇ ನೋಯಿಸಿಕೊಳ್ಳಬೇಕು ಎಂಬ ಭಾವನೆ ಬರುವುದುಂಟೆ?’ ಓದಿದರೆ ಯಾರಾದರೂ ಉಪವಾಸದ ವಿಚಾರವೆಂದುಕೊಳ್ಳಬೇಕು.

ಆ ಪ್ರಶ್ನೆಯನ್ನು ನಾನು ಕೇಳಿದವರಲ್ಲಿ ನಾಗೇಂದ್ರ ಒಬ್ಬರು. (ಹೆಸರು ಅದಲ್ಲ. ಬರೆಯುತ್ತೇನೆ ಎಂದಾಗ ಅವರೇ ಈ ಹೆಸರು ಆರಿಸಿಕೊಂಡರು, ಬೇಕಾದ್ದು ಬರಿ ಎಂದರು.) ಭಾವನ ಆಫೀಸಿನಲ್ಲೇ ಇದ್ದವರು, ಭಾವನ ಕೆಲಸ ಉಳಿದು ಅವರದ್ದು ಹೋಗಿತ್ತು. ಹೆಂಡತಿ, ಮಗಳನ್ನು ಮೊದಲೇ ಊರಿಗೆ ಕಳಿಸಿ, ‘ಇಲ್ಲಿಯದೆಲ್ಲ ಮುಗಿಸಿ ಬರ್ತೀನಿ’ ಎಂದು ಒಬ್ಬರೇ ಉಳಿದಿದ್ದರು. ನಿದ್ದೆ ಇಲ್ಲ, ಊಟ ಸೇರುವುದಿಲ್ಲ ಎಂದು ಡಾಕ್ಟರರ ಹತ್ತಿರ ಹೋದಾಗ ಅವರು ನಮ್ಮ ಕೇಂದ್ರಕ್ಕೆ ಕಳಿಸಿದ್ದರು. ಕನ್ನಡದವಳು ನಾನೊಬ್ಬಳೇ, ನನ್ನ ಮುಂದೆ ಕೂರಿಸಿದರು.

“ನೋಯಿಸಿಕೊಳ್ಳೋದಾ? ಅಯ್ಯೋ ಇಲ್ಲ ಮೇಡಂ,” ಎಂದರು ನಾಗೇಂದ್ರ. “ನೋವು ಅಂದ್ರೆ ನಂಗಾಗಲ್ಲ. ಇಂಜೆಕ್ಷನ್ನಿಗೇ ಮುಖ ತಿರುಗಿಸ್ತೀನಿ.”

ಅದು ಸುಳ್ಳಲ್ಲ. ಅಕ್ಷರಶಃ ನಿಜ. ಸಮಿತಿಯ ಪ್ರಶ್ನೆಗೆ ಅವರು ಪ್ರಾಮಾಣಿಕವಾಗಿ ಉತ್ತರ ಕೊಟ್ಟಿದ್ದರು, ಸಮಿತಿ ಕೇಳಬೇಕಾಗಿದ್ದದ್ದನ್ನು ಮಾತ್ರ ಯಾರೂ ಕೇಳಿರಲಿಲ್ಲ.

ಕೆಲವು ವಾರಗಳ ನಂತರ ಒಂದು ಶನಿವಾರ ಬೆಳಿಗ್ಗೆ ನಾನು ಹಲ್ಲುಜ್ಜಿಕೊಂಡು ಕೆಳಗಿಳಿದಾಗ ಗ್ಯಾರೇಜಿನಲ್ಲಿ ಭಾವ ಎರಡು ದೊಡ್ಡ ಸೂಟ್‌ಕೇಸುಗಳನ್ನು ಕುಕ್ಕರುಗಳ ನಡುವೆ ತುರುಕುತ್ತಿದ್ದರು. ಗಟ್ಟಿ, ಒಳ್ಳೆ ಚಕ್ರಗಳ, ಹಿಡಿಕೆಗೆ ಕೆಂಪು ರಿಬ್ಬನ್ ಕಟ್ಟಿದ ಸೂಟ್‌ಕೇಸುಗಳು.

“ನಾಗೇಂದ್ರ ಬಂದಿದ್ದ ಕಣಮ್ಮ ಲಾಯರಮ್ಮ,” ಎಂದರು. ನಾನು ಲಾಯರು ಓದುತ್ತಿರಲಿಲ್ಲ. ಆ ಮನೆಯಲ್ಲಿ ಎದುರು ಮಾತಾಡುವವರಿಗೆಲ್ಲ ಅದೇ ಬಿರುದು. “ನಿಮ್ಮ ದೊಡ್ಡಮ್ಮ ಊರಿಂದ ಬರ್ತಾರಲ್ಲ, ವಾಪಸ್ ಹೋಗೋವಾಗ ಬೇಕಾಗುತ್ತೆ ಇಟ್ಕೋ ಅಂತ ಕೊಟ್ಟೋದ. ಏನು ಖುಷಿಯಾಗಿದ್ದ ಗೊತ್ತಾ. ಹಳೇ ನಾಗೇಂದ್ರ ಆಗೋಗಿದಾನೆ. ನಾನು ಹೇಳ್ತಿರ್ಲಿಲ್ವಾ, ಪಾಸಿಟಿವ್ ಆಗಿದ್ರೆ ಎಲ್ಲ ಸರಿಹೋಗುತ್ತೆ ಅಂತ.”

“ಊರಿಗೆ ಯಾವಾಗ ಹೊರಡ್ತಾರಂತೆ?”

“ಮುಂದಿನ ವಾರ ಇರಬೇಕು. ಮನೆಯೆಲ್ಲ ಖಾಲಿ ಮಾಡಿದೀನಿ ಅಂದ.”

“ಮತ್ತೆ ಬಟ್ಟೆಬರೆ ಯಾವುದರಲ್ಲಿ ತಗೊಂಡು ಹೋಗ್ತಾರೆ?”

ಭಾವ ರಿಬ್ಬನ್ನು ನೋಡಿದರು. “ಹೊಸದು ತಗೊಂಡಿರ್ತಾನೆ ಬಿಡು.”

“ನಮ್ಮ ಕಡೆಯ ಯಾವ ಗಂಡಸು ಇಂಥ ಎರಡು ಸೂಟ್‌ಕೇಸು ಮನೇಲಿಟ್ಕೊಂಡು ಹೊಸದು ತಗೊಂಡಿದಾನೆ ಭಾವ? ನೀವು ತಗೋತೀರಾ?”

“ಶನಿವಾರ ಬೆಳಿಗ್ಗೆನೇ ಶುರು ಮಾಡಬೇಡ ಮಾರಾಯ್ತಿ.”

ಅಷ್ಟು ದಿನವೂ ನಾನು ಸರಿ ಎಂದುಕೊಂಡೇ ವಾದ ಮಾಡಿದವಳು. ಅಂದು ಮಾತ್ರ ಯಾರಾದರೂ ನನ್ನನ್ನು ಸೋಲಿಸಲಿ ಎಂದು ಹಾರೈಸಿದೆ. ಊರಿಗೆ ಹೋಗುವವರು ಕುಕ್ಕರು ಕೊಡುತ್ತಾರೆ, ಟೀವಿ ಕೊಡುತ್ತಾರೆ, ಕಾರನ್ನೇ ಕೊಡುತ್ತಾರೆ. ಸೂಟ್‌ಕೇಸನ್ನು ಕೊಡುವುದಿಲ್ಲ. ಅದನ್ನು ಪಕ್ಕದ ಮನೆಯವರಿಂದ ಕೇಳಿ ತರುತ್ತಾರೆ, ತೂಕದ ಯಂತ್ರದ ಮೇಲೆ ನಿಲ್ಲಿಸಿ ಹೆಂಡತಿಯೊಡನೆ ಜಗಳವಾಡುತ್ತಾರೆ, ಉಪ್ಪಿನಕಾಯಿ ಡಬ್ಬಿ ತೆಗೆದು ಚಾಕಲೇಟು ಹಾಕುತ್ತಾರೆ. ಎಲ್ಲರಿಗೂ ಹೊಂದುವುದು ಯಾರ ಲಕ್ಷಣವೂ ಅಲ್ಲ ಎಂದಿದ್ದೆನಲ್ಲ, ಇದು ಎಲ್ಲರಿಗೂ ಹೊಂದುತ್ತಿರಲಿಲ್ಲ. ಹಗುರಾಗಿ, ನಗುನಗುತ್ತಾ, ಸೂಟ್‌ಕೇಸು ಕೊಟ್ಟು ಹೋದ ಮನುಷ್ಯ ಊರಿಗೆ ಹೊರಟಿರಲಿಲ್ಲ.

ಇದನ್ನು ಭಾವನಿಗೆ ಹೇಳುವಂತಿರಲಿಲ್ಲ. ನಾಗೇಂದ್ರ ನಮ್ಮ ಕೇಂದ್ರಕ್ಕೆ ಬರುತ್ತಾರೆ ಎಂಬುದೇ ಗುಟ್ಟು. ಮೇಲೆ ಹೋಗಿ ಬಾಗಿಲು ಹಾಕಿಕೊಂಡು ಡೊಲೊರೆಸ್‌ಗೆ ಫೋನು ಮಾಡಿದೆ. ಸೂಟ್‌ಕೇಸು ಎಂದರೆ ಆಕೆಗೆ ಏನು ಅರ್ಥವಾದೀತು ಎಂದುಕೊಂಡಿದ್ದೆ. ಆಕೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. “ಈಗಲೇ ಅವರಿಗೆ ಫೋನು ಮಾಡು. ಎತ್ತಿದರೆ, ನಾವಿಬ್ಬರೂ ಬರುತ್ತಿದ್ದೇವೆ ಎನ್ನು. ಎತ್ತದಿದ್ದರೆ ನನಗೆ ತಿಳಿಸು, ಪೊಲೀಸರನ್ನು ನಾನೇ ಕಳಿಸುತ್ತೇನೆ.”

ನಾಗೇಂದ್ರ ಎತ್ತಿದರು. “ಬನ್ನಿ ಮೇಡಂ, ಅದಕ್ಕೇನಂತೆ. ಕೂರೋಕೆ ಕುರ್ಚಿ ಇಲ್ಲ ಅಷ್ಟೆ,” ಎಂದರು, ನಗುತ್ತಲೇ.

ಫ್ರೀವೇ ಉದ್ದಕ್ಕೂ ನನ್ನ ತಲೆಯಲ್ಲಿ ಭಾಷಣ ತಯಾರಾಗುತ್ತಿತ್ತು. ಬದುಕು ಏಕೆ ಬೇಕು ಎಂಬುದಕ್ಕೆ ಪೀಠಿಕೆ, ಅಂಶಗಳು, ಉಪಸಂಹಾರ. ಸ್ಯಾನ್ ಹೊಸೆ ತಲುಪುವ ಹೊತ್ತಿಗೆ ಎದುರು ಪಕ್ಷದವರು ಚಪ್ಪಾಳೆ ಹೊಡೆಯಬೇಕು, ಹಾಗಿತ್ತು. ಅಪಾರ್ಟ್‌ಮೆಂಟಿನ ಕೆಳಗೆ ಕಾರಿಗೆ ಒರಗಿ ನಿಂತಿದ್ದ ಡೊಲೊರೆಸ್ ನನ್ನ ಮುಖ ನೋಡಿದವಳೇ, “ಅದನ್ನೆಲ್ಲ ಕಾರಿನಲ್ಲೇ ಬಿಟ್ಟು ಬಾ,” ಎಂದಳು.

ಮನೆ ಗುಡಿಸಿ ಒರೆಸಿದಂತಿತ್ತು. ನೆಲದ ಮೇಲೆ ಫೋನು, ಗೋಡೆಯಲ್ಲಿ ಮಗಳು ಬಣ್ಣದ ಪೆನ್ಸಿಲಿನಲ್ಲಿ ಗೀಚಿದ್ದ ಒಂದು ಆನೆ. ಮೂವರೂ ಕಾರ್ಪೆಟ್ಟಿನ ಮೇಲೆ ಕೂತೆವು. ಡೊಲೊರೆಸ್ ಗೋಡೆಗೊರಗಿ ತನ್ನ ಮೊಣಕಾಲನ್ನು ನೀಡಿಕೊಂಡಳು. ಆಕೆಗೆ ಕನ್ನಡ ಬರುತ್ತಿರಲಿಲ್ಲ, ಆದರೆ ಪ್ರತಿ ಮಾತನ್ನೂ ಕೇಳುತ್ತಿದ್ದಳು.

“ಸೂಟ್‌ಕೇಸು ನೋಡಿದೆ,” ಎಂದೆ.

“ಓ, ನಿಮ್ಮ ಮನೇಲಿ ಇಟ್ಟು ಬಂದೆ. ಸುಮ್ನೆ ಇಲ್ಲಿ ಜಾಗ ತಿಂತಿತ್ತು.” ಆ ಖಾಲಿ ಮನೆಯಲ್ಲಿ ಕೂತು ಜಾಗದ ಮಾತಾಡಿದರು. ಅವರೇ ಮುಂದುವರಿಸಿದರು: “ನೋಯಿಸಿಕೊಳ್ಳೋ ವಿಚಾರ ಏನಿಲ್ಲ ಅಂತ ಆವತ್ತೇ ಹೇಳಿದ್ನಲ್ಲ ಮೇಡಂ.”

“ನಾಗೇಂದ್ರ ಅವರೇ, ಅದನ್ನ ಕೇಳ್ತಿಲ್ಲ. ನೀವು ಸಾಯಬೇಕು ಅಂದ್ಕೊಂಡಿದೀರಾ?”

ನಾಲಿಗೆ ಮೇಲೆ ಆ ಪದ ಹೊರಟಾಗ ಎಲ್ಲೋ ಹಿಂದಿನಿಂದ ಅಕ್ಕ ಸೌಟು ಹಿಡಿದು ಬರುವಳೆಂದು ಬೆನ್ನು ಬಿಗಿಯಾಯಿತು. ಇಷ್ಟೆಲ್ಲ ವೈಚಾರಿಕತೆಯ ಕೊನೆಗೆ ನನ್ನದೂ ಅದೇ ಬೆನ್ನು. ಯಾರೂ ಬರಲಿಲ್ಲ. ಹೊರಗೆ ಯಾರೋ ಎಲೆ ಊದುವ ಯಂತ್ರ ಓಡಿಸುತ್ತಿದ್ದರು, ಅದು ನಿಂತಿತು, ಮತ್ತೆ ಶುರುವಾಯಿತು. ನಾಗೇಂದ್ರ ಆನೆಯನ್ನು ನೋಡುತ್ತಿದ್ದರು. ನಗು ಮುಖದಿಂದ ಇಳಿದುಹೋಗಿ, ತುಂಬಾ ದಣಿದ ಒಬ್ಬ ಮನುಷ್ಯ ಅಲ್ಲಿ ಕೂತಿದ್ದರು.

“ಹೂಂ,” ಎಂದರು.

ಆಮೇಲೆ ಮಾತು ಬಂತು, ನಿಧಾನವಾಗಿ. ಹೆಂಡತಿಗೆ ಫೋನಿನಲ್ಲಿ ಒಮ್ಮೆ ‘ನಾನಿಲ್ಲದಿದ್ರೂ ನೀವು ಚೆನ್ನಾಗಿರ್ತೀರ’ ಅಂದಿದ್ದರಂತೆ. ಆಕೆ ಬಿಡ್ತು ಅನ್ನಿ ಎಂದಳು. “ಬಿಡ್ತು ಅಂದೆ, ಫೋನಿಟ್ಟೆ. ನಿಮ್ಮ ಭಾವಂಗೂ ಒಂದ್ಸಲ ಹೇಳೋಕೆ ಹೋದೆ. ಥೂ ಬಿಡ್ತು ಅನ್ನೋ ಅಂತ ಬೆನ್ನಿಗೆ ಹೊಡೆದು, ಕಾಫಿ ಕುಡಿಸಿ ಕಳಿಸಿದ. ಎಲ್ಲರೂ ಒಳ್ಳೆಯವರೇ ಮೇಡಂ. ಯಾರ ಹತ್ರಾನೂ ಈ ಮಾತು ಇಡೋಕೆ ಜಾಗ ಇರ್ಲಿಲ್ಲ.”

ತಾನು ಯಾರಿಗೂ ಬೇಡವಾದವನು, ತಾನು ಹೋದರೆ ಮನೆಯವರಿಗೆ ಹಗುರ ಎಂದು ಒಂದೊಂದಾಗಿ ಹೇಳತೊಡಗಿದರು. ಪ್ರತಿಯೊಂದಕ್ಕೂ ನನ್ನ ಬಳಿ ಖಂಡನೆ ಇತ್ತು, ಒಳ್ಳೆಯ ಖಂಡನೆಗಳು, ತುಟಿಯ ತುದಿಗೆ ಬಂದು ಕೂತಿದ್ದವು. ನನ್ನ ಜೀವಮಾನದಲ್ಲಿ ಎದುರಿನವರನ್ನು ಅಷ್ಟು ಹೊತ್ತು ಮಾತಾಡಲು ಬಿಟ್ಟದ್ದಿಲ್ಲ. ಮಾತು ಮುಗಿದಮೇಲೆ ಡೊಲೊರೆಸ್ ಕಲಿಸಿದ್ದ ಮುಂದಿನದನ್ನು ಕೇಳಿದೆ: ಹೇಗೆ ಎಂದು ಯೋಚಿಸಿದ್ದೀರಾ, ಯಾವಾಗ ಎಂದು ಯೋಚಿಸಿದ್ದೀರಾ, ಅದಕ್ಕೆ ಬೇಕಾದ್ದು ಮನೆಯಲ್ಲಿದೆಯಾ. ಇತ್ತು. ಏನು ಎಂದು ಬರೆಯುವುದಿಲ್ಲ, ಬರೆದರೆ ಯಾರಿಗೂ ಉಪಕಾರವಿಲ್ಲ. ಅವರೇ ಎದ್ದು ಹೋಗಿ ತಂದು ಡೊಲೊರೆಸ್ ಕೈಗೆ ಕೊಟ್ಟರು. ಆಕೆ ಪಕ್ಕದ ಮನೆಯವರಿಂದ ಸಾಲ ಪಡೆದ ಸಕ್ಕರೆಯನ್ನು ಹಿಡಿದಷ್ಟೇ ಸಹಜವಾಗಿ ಅದನ್ನು ತನ್ನ ಚೀಲಕ್ಕೆ ಹಾಕಿಕೊಂಡಳು.

“ಆಸ್ಪತ್ರೆಗೆ ಹೋಗೋಣ, ನಾವು ಜೊತೇಲೇ ಇರ್ತೀವಿ,” ಎಂದೆ. “ನಿಮ್ಮವರು ಯಾರನ್ನಾದ್ರೂ ಕರೀಲಾ?”

ಬಹಳ ಯೋಚಿಸಿ, “ನಿಮ್ಮ ಭಾವನ್ನ ಕರೀರಿ,” ಎಂದರು. “ಬೈತಾನೆ. ಬಯ್ಯಲಿ.”

ಭಾವ ಬಂದರು, ಮೆಟ್ಟಿಲಲ್ಲೇ ಅವರ ದೊಡ್ಡ ಕಂಠ ಕೇಳಿತು. ಒಳಗೆ ಬಂದು ಖಾಲಿ ಕೋಣೆ, ನೆಲದ ಮೇಲೆ ಕೂತ ನಾವು, ಎಲ್ಲ ನೋಡಿ ನಿಂತರು. ನಾನು ಹೇಳುವ ಮೊದಲೇ ನಾಗೇಂದ್ರ ತಲೆಯೆತ್ತಿ, “ಸಾಯೋಣ ಅಂದ್ಕೊಂಡಿದ್ದೆ ಕಣೋ,” ಎಂದರು.

ಭಾವನ ಬಾಯಿ ತೆರೆಯಿತು. ‘ಬಿಡ್ತು’ ಗಂಟಲಿನಿಂದ ಹೊರಟದ್ದು ನನಗೆ ಕಂಡಿತು. ನಾನು ಅವರನ್ನು ದಿಟ್ಟಿಸಿದೆ. ಅಷ್ಟು ವರ್ಷಗಳಲ್ಲಿ ಆ ಮನುಷ್ಯನ ಮೇಲೆ ಎಷ್ಟು ತಾತ್ಸಾರ ಕೂಡಿಟ್ಟಿದ್ದೆನೋ ಅಷ್ಟನ್ನೂ ಆ ನೋಟಕ್ಕೆ ಹಾಕಿದೆ. ಬಹುಶಃ ಅದರ ಅಗತ್ಯವಿರಲಿಲ್ಲ. ಅವರು ನನ್ನ ಕಡೆ ನೋಡಲೇ ಇಲ್ಲ. ಬಾಯಿ ಮುಚ್ಚಿಕೊಂಡು, ಗೋಡೆ ಹಿಡಿದು ಕೆಳಗೆ ಕೂತು, ಚಪ್ಪಲಿ ಬಿಡುವುದನ್ನೂ ಮರೆತು, ನನಗೆ ಗೊತ್ತಿಲ್ಲದ ಒಂದು ಸಣ್ಣ ದನಿಯಲ್ಲಿ ಕೇಳಿದರು: “ಯಾವಾಗಿಂದ ಹೀಗೆ?”

ಅದು ಭಾವ ನಾಗೇಂದ್ರರಿಗೆ ಕೇಳಿದ ಮೊದಲನೇ ಪ್ರಶ್ನೆ ಎಂದು ಕಾಣುತ್ತದೆ. ಅಲ್ಲಿಯವರೆಗೂ ಭಾವ ಉತ್ತರಗಳನ್ನಷ್ಟೇ ಕೊಟ್ಟಿದ್ದರು.

ಮುಂದಿನದ್ದು ಆಸ್ಪತ್ರೆ, ಔಷಧಿ, ಊರಿಗೆ ಫೋನು. ಅದರಲ್ಲಿ ಕತೆ ಏನಿಲ್ಲ, ಬೇಸರದ ಕೆಲಸ ಬೇಕಾದಷ್ಟಿದೆ. ನಾಗೇಂದ್ರ ಒಂದೇ ದಿನದಲ್ಲಿ ಸರಿಹೋಗಲಿಲ್ಲ. ಆಸ್ಪತ್ರೆಯಿಂದ ಬಂದು ಭಾವನ ಮನೆಯಲ್ಲೇ ಇದ್ದರು, ಕುಕ್ಕರುಗಳ ಮೇಲುಗಡೆ, ನನ್ನ ಕೋಣೆಯಲ್ಲಿ. ನಾನು ಹಾಲಿನ ಸೋಫಾಗೆ ಇಳಿದೆ, ಮತ್ತು ನನ್ನ ಮನೆಯಲ್ಲೇ ಉಳಿದವರಿಗೆ ನಾನೇ ಸಲಹೆಗಾರಳಾಗಿರುವುದು ಸಲ್ಲದೆಂದು ಕೇಂದ್ರದಲ್ಲಿ ಬೇರೊಬ್ಬರು ಅವರನ್ನು ನೋಡತೊಡಗಿದರು. ಊರಿಗೆ ಹೊರಟ ದಿನ ಆ ಎರಡು ಸೂಟ್‌ಕೇಸುಗಳು ತುಂಬಿ, ಒಂದರ ತೂಕ ಹೆಚ್ಚಾಗಿ, ಭಾವ ಮತ್ತು ಅವರು ವಿಮಾನ ನಿಲ್ದಾಣದಲ್ಲಿ ಚಾಕಲೇಟು ತೆಗೆಯುವುದೋ ಬೇಡವೋ ಎಂದು ಕಿತ್ತಾಡಿದರು. ಅಷ್ಟು ಸುಂದರವಾದ ಜಗಳವನ್ನು ನಾನು ಯಾವ ವೇದಿಕೆಯ ಮೇಲೂ ಕೇಳಿಲ್ಲ. ಈಗಲೂ ಔಷಧಿ ತೆಗೆದುಕೊಳ್ಳುತ್ತಾರೆ. ಮಗಳು ಮಾತು ಕೇಳುವುದಿಲ್ಲ ಎಂದು ಫೋನಿನಲ್ಲಿ ದೂರುತ್ತಾರೆ.

ಸಮಿತಿಯ ಪ್ರಶ್ನೆಯನ್ನು ಡೊಲೊರೆಸ್ ಸೋಮವಾರವೇ ಕಸದ ಬುಟ್ಟಿಗೆ ಹಾಕಿದಳು. ಹಿರಿಯರು ಅಸಮಾಧಾನ ಸೂಚಿಸಿದರು. ಸೂಚಿಸಲಿ, ಸಮೋಸಗಳ ಮಟ್ಟಿಗೆ ಅವರ ಸೇವೆ ಸ್ಮರಣೀಯ.

ಹೀಗೆಲ್ಲ ಇರುವಾಗ ನೀಲಿ ಸೂಟ್‌ಕೇಸಿನ ಜಿಪ್ಪು ಮುಚ್ಚಿ ಆಫೀಸಿಗೆ ಹೋಗುವುದು ಹೇಗೆ, ಹೇಳಿ. ಕಾಗದದ ಹಿಂದೆ ಮನೆಯ ನಂಬರು ಬರೆದಿದ್ದರು. ಮೇಲೆ ಹತ್ತಿ ಹೋಗಿ ಬಾಗಿಲು ತಟ್ಟಿದೆ. ಕಂಕುಳಲ್ಲಿ ಮಗು, ಕೈಯಲ್ಲಿ ದೋಸೆ ಸಟ್ಟುಗ ಹಿಡಿದ ಒಬ್ಬ ಹೆಂಗಸು ತೆರೆದರು.

“ಕೆಳಗೆ ಸೂಟ್‌ಕೇಸು ನಿಮ್ಮದಾ?”

“ಹೌದು. ಬೇಕಾ? ತಗೊಳಿ, ಆದ್ರೆ ಒಂದು ಚಕ್ರ ಹೋಗಿದೆ.”

“ಊರಿಗೆ ಹೊರಟಿದೀರಾ?”

“ಇಲ್ಲಪ್ಪ. ಹೊಸದು ತಗೊಂಡ್ವಿ, ಇದು ಜಾಗ ತಿಂತಿತ್ತು.” ಆ ಮಾತು ಕೇಳಿದ ಕೂಡಲೇ ನನ್ನ ಕಣ್ಣು ಅವರ ಹೆಗಲ ಮೇಲಿಂದ ಒಳಗೆ ಹೋಯಿತು. ಸೋಫಾ ತುಂಬ ಮಡಚದ ಬಟ್ಟೆ, ನೆಲದಲ್ಲಿ ಆಟದ ಸಾಮಾನು, ಗೋಡೆ ಪಕ್ಕ ನಿಜಕ್ಕೂ ಎರಡು ಹೊಸ ಸೂಟ್‌ಕೇಸು. ಎಳ್ಳು ಹಾಕಲು ಜಾಗವಿರಲಿಲ್ಲ.

“ನೀವು ಹೇಗಿದೀರಾ?” ಎಂದೆ. ಬೆಳಿಗ್ಗೆ ಎಂಟು ಗಂಟೆಗೆ, ಗುರುತಿಲ್ಲದವರ ಬಾಗಿಲಲ್ಲಿ.

ಆಕೆ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದರು. “ಚೆನ್ನಾಗಿದೀನಿ. ಯಾಕೆ?”

“ಸುಮ್ನೆ ಕೇಳಿದೆ.”

ಬಾಗಿಲು ಮುಚ್ಚಿತು. ಒಳಗಿಂದ ಆಕೆ ಗಂಡನಿಗೆ “ಯಾರೋ ತಲೆಕೆಟ್ಟವಳು” ಎಂದದ್ದು ಸ್ಪಷ್ಟವಾಗಿ ಕೇಳಿತು, ಇಬ್ಬರೂ ನಕ್ಕದ್ದೂ ಕೇಳಿತು. ಎಂದೂ ಯಾವ ನಗೆಗೂ ತಿರುಗಿ ಉತ್ತರ ಕೊಡದೆ ಬಿಟ್ಟವಳಲ್ಲ ನಾನು. ಇದನ್ನು ಮೆಟ್ಟಿಲ ಮೇಲೆ ನಿಂತು, ಮುಗಿಯುವವರೆಗೂ ಕೇಳಿಸಿಕೊಂಡು, ಆಮೇಲೆ ಇಳಿದೆ.